ಉದರಿ ಖಾತೆ ಹಿಡಿದು ಕಥೆಯ ಗುಟ್ಟು ಹಿಡಿದೆ: ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ. ಬ್ರ್ಯಾಂಡನ್ ಸ್ಯಾಂಡರ್ಸನ್ ಬರೆದ ಇಂಗ್ಲಿಷ್ ಮಾಂತ್ರಿಕ ಕಾದಂಬರಿಗಳಾದ ಸ್ಟಾರ್ಮ್‌ಲೈಟ್ ಸರಣಿಯ ಐದನೇ ಪುಸ್ತಕ ಇನ್ನೂ ಓದದವರು ಇಲ್ಲಿಗೇ ಬಿಡಿ, ಆಮೇಲೆ ನನ್ನನ್ನು ಬೈಯಬೇಡಿ. ಹ್ಯಾರಿ ಪಾಟರ್ ಗುಟ್ಟೂ ಬರುತ್ತದೆ. ಅದನ್ನು ಇಷ್ಟು ವರ್ಷವಾದರೂ ಓದಿಲ್ಲ ಅಂದರೆ ಅದಕ್ಕೆ ನಾನು ಜವಾಬ್ದಾರನಲ್ಲ.

2021ರ ದೀಪಾವಳಿ ಪಾಡ್ಯದ ದಿನ ಒಂದು ಚೀಟಿಯಲ್ಲಿ ಹನ್ನೊಂದು ಸಾಲು ಬರೆದೆ. ಲಕೋಟೆಗೆ ಹಾಕಿ, ಅಂಟಿಸಿ, ಅಂಟಿನ ಮೇಲೆ ಸಹಿ ಮಾಡಿ, ನಮ್ಮ ಓದಿನ ಗುಂಪಿನ ಲೆಕ್ಚರರ್ ಸರ್ ಕೈಗೆ ಕೊಟ್ಟೆ. ಸ್ಟಾರ್ಮ್‌ಲೈಟ್‌ನ ಮುಂದಿನ ಪುಸ್ತಕದಲ್ಲಿ ಏನಾಗುತ್ತದೆ ಅನ್ನುವ ಹನ್ನೊಂದು ಊಹೆಗಳು. ಅವರು ಲಕೋಟೆ ತಿರುಗಿಸಿ ನೋಡಿ, "ನೀ ಎಣಿಸೂದು ದ್ರಾಕ್ಷಿ ಬಾಕ್ಸ್ ಮಾರಾಯಾ, ಕಥಿ ಅಲ್ಲ" ಎಂದು ನಕ್ಕರು. ಐದು ನೂರು ರೂಪಾಯಿ ಮತ್ತು ನಾಲ್ಕು ಜನಕ್ಕೆ ಗಿರ್ಮಿಟ್ ಮಿರ್ಚಿ ಪಂದ್ಯ ಬಿತ್ತು.

ಅವರು ನಕ್ಕಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಲ್ಲಿವರೆಗೆ ನನ್ನ ಊಹೆ ಒಂದೂ ಸರಿ ಬಂದಿರಲಿಲ್ಲ.

ನಾನು ವಿಜಯಪುರದ ಎಪಿಎಂಸಿಯಲ್ಲಿ ಒಂದು ಅಡತಿ ಅಂಗಡಿಯ ಲೆಕ್ಕ ಬರೆಯುವವನು. ಒಣದ್ರಾಕ್ಷಿ ಸೀಸನ್‌ನಲ್ಲಿ ತಲೆ ಎತ್ತಲು ಆಗುವುದಿಲ್ಲ, ಉಳಿದ ತಿಂಗಳು ಓದಲು ಬೇಕಾದಷ್ಟು ಹೊತ್ತು. ಭಾನುವಾರ ಸಂಜೆ ಗಗನ್ ಮಹಲ್ ಹತ್ತಿರ ನಾವು ನಾಲ್ಕು ಜನ ಸೇರುತ್ತೇವೆ. ಮಾಂತ್ರಿಕರು, ಡ್ರ್ಯಾಗನ್ನು, ಸತ್ತು ಹುಟ್ಟುವವರು, ಇದೇ ಮಾತು. ಗೇಮ್ ಆಫ್ ಥ್ರೋನ್ಸ್ ಧಾರಾವಾಹಿಗೆ ಮೂಲವಾದ ಐಸ್ ಅಂಡ್ ಫೈರ್ ಸರಣಿಯ ಐದನೇ ಪುಸ್ತಕ 2011ರಲ್ಲಿ ಬಂತು, ಆರನೆಯದಕ್ಕೆ ಇನ್ನೂ ಕಾಯುತ್ತಿದ್ದೇವಲ್ಲ, ಅದಕ್ಕೆ ನಮ್ಮಲ್ಲಿ ಹೆಸರು 'ಬಾರಾ ಕಮಾನ್'. ಎರಡನೇ ಅಲಿ ಆದಿಲ್ ಶಾಹನ ಗೋರಿಯ ಹಾಗೆ ಕಮಾನು ಎದ್ದಿವೆ, ಮೇಲೆ ಗುಮ್ಮಟ ಇಲ್ಲ.

ಸೋತಿದ್ದನ್ನು ಮೊದಲು ಹೇಳುತ್ತೇನೆ. ದುಡ್ಡು ಹೋಗಿದ್ದೇ ಅಲ್ಲಿ.

ಮೊದಲು ಹಚ್ಚಿದ್ದು ಬಣ್ಣದ ಚೀಟಿ. ಹಳದಿ ಮಂತ್ರಕ್ಕೆ, ಗುಲಾಬಿ ಆತ್ಮಕ್ಕೆ, ಹಸಿರು ಭವಿಷ್ಯವಾಣಿಗೆ. ಎರಡನೇ ಪುಸ್ತಕ ಮುಗಿಯುವ ಹೊತ್ತಿಗೆ ಪುಸ್ತಕ ಲಗ್ನದ ಚಪ್ಪರದ ಹಾಗೆ ಕಾಣುತ್ತಿತ್ತು. ಎಲ್ಲವೂ ಸುಳಿವೇ ಆದಮೇಲೆ ಯಾವುದೂ ಸುಳಿವಲ್ಲ, ಅಲ್ವಾ? ಚೀಟಿಗೇ ಆರು ನೂರು ರೂಪಾಯಿ ಹೋಯಿತು. ಆಮೇಲೆ ಹುಡುಕುವುದು ಸಲೀಸು ಅಂತ ಸೆಕೆಂಡ್ ಹ್ಯಾಂಡ್ ಇ-ರೀಡರ್ ತಗೊಂಡೆ, ನಾಲ್ಕೂವರೆ ಸಾವಿರ. 'ಆತ್ಮ' ಅಂತ ಹುಡುಕಿದರೆ ನೂರಾರು ಸಾಲು ಬಂದವು. ಆರು ತಿಂಗಳಿಗೆ ಬ್ಯಾಟರಿ ಉಬ್ಬಿತು. ಮೂರನೆಯದು ಹೆಸರಿನ ಅಕ್ಷರ ತಿರುಗಿಸಿ ಅರ್ಥ ಹುಡುಕುವ ಹುಚ್ಚು. ಅದರ ಬಗ್ಗೆ ಮಾತಾಡುವುದಿಲ್ಲ, ನಾಚಿಕೆಯಾಗುತ್ತದೆ.

ದಾರಿ ಸಿಕ್ಕಿದ್ದು ಅಂಗಡಿಯಲ್ಲೇ. ಒಂದು ದಿನ ಬಾಕಿ ಪಟ್ಟಿ ತೆಗೆಯುತ್ತಿದ್ದೆ. ಯಾರು ಎಷ್ಟು ಉದರಿ ಒಯ್ದಿದ್ದಾರೆ, ಎಷ್ಟು ವಸೂಲಿ ಬಂದಿದೆ, ಉಳಿದಿದ್ದೆಷ್ಟು. ಆಗ ಹೊಳೆಯಿತು: ಈ ದಪ್ಪ ದಪ್ಪ ಪುಸ್ತಕ ಬರೆಯುವವರೂ ನಮ್ಮಿಂದ ಉದರಿ ಒಯ್ಯುವ ಗಿರಾಕಿಗಳೇ. "ಇದನ್ನು ಈಗ ನೆನಪಿಟ್ಟುಕೋ, ಆಮೇಲೆ ಕೊಡ್ತೀನಿ" ಅಂತ ಹೇಳಿ ಹೋಗುತ್ತಾರೆ. ಹಾಗಾದರೆ ಏನು ಹೇಳಿದರು ಅಂತ ಬರೆದಿಟ್ಟರೆ ಸಾಲದು, ಏನು ಇನ್ನೂ ತೀರಿಸಿಲ್ಲ ಅಂತ ನೋಡಬೇಕು. ಹೊಸ ಖಾತೆ ಪುಸ್ತಕ ತರುವಾಗ ನನ್ನ ದುಡ್ಡಿನಲ್ಲಿ ಒಂದು ಜಾಸ್ತಿ ತಂದೆ. ನೂರಾ ಎಂಬತ್ತು ರೂಪಾಯಿ ಇರಬೇಕು, ಕೆಂಪು ಬಟ್ಟೆ ಬೈಂಡಿಂಗ್. ಎಡಕ್ಕೆ ಉದರಿ, ಬಲಕ್ಕೆ ವಸೂಲಿ. ಮೂರನೇ ಕಾಲಂ ಒಂದಿದೆ, ಅದರಲ್ಲಿ ಏನು ಬರೆಯುತ್ತೇನೆ ಅಂತ ಹೇಳುವುದಿಲ್ಲ.

ಎಲ್ಲವನ್ನೂ ಉದರಿಗೆ ಹಚ್ಚಬಾರದು. ನಾನು ಹಚ್ಚುವುದು ಆ ಪ್ರಸಂಗಕ್ಕೆ ಬೇಡವಾದದ್ದನ್ನು ಮಾತ್ರ. ಅದನ್ನು ತೆಗೆದರೂ ಪ್ರಸಂಗ ನಡೆಯುತ್ತದೆ, ಅಲ್ಲಿರುವ ಯಾರೂ ಅದೇನು ಅಂತ ಕೇಳುವುದಿಲ್ಲ, ಆದರೂ ಲೇಖಕ ಅದನ್ನು ಬಿಟ್ಟಿಲ್ಲ. ಅದರಲ್ಲೂ ಪಟ್ಟಿಯ ನಡುವೆ ಇಟ್ಟಿದ್ದರೆ ಕಣ್ಣು ಮುಚ್ಚಿ ಹಚ್ಚಿ. ಹ್ಯಾರಿ ಪಾಟರ್‌ನ ಐದನೇ ಪುಸ್ತಕ 2003ರದು. ಅದರಲ್ಲಿ ಹಳೇ ಮನೆ ಸ್ವಚ್ಛ ಮಾಡುವಾಗ ಕಪಾಟಿನಿಂದ ಏನೇನೋ ಸಾಮಾನು ತೆಗೆಯುತ್ತಾರೆ. ಆ ಪಟ್ಟಿಯ ನಡುವೆ ಯಾರಿಂದಲೂ ತೆರೆಯಲಾಗದ ಒಂದು ಭಾರವಾದ ಲಾಕೆಟ್ಟು ಬರುತ್ತದೆ. ಅಷ್ಟೇ, ಅರ್ಧ ಸಾಲು. ಅದರೊಳಗೆ ವೈರಿಯ ಪ್ರಾಣದ ತುಂಡು ಇತ್ತು ಅಂತ ಗೊತ್ತಾಗಲು 2007ರ ಏಳನೇ ಪುಸ್ತಕ ಬರಬೇಕಾಯಿತು. ನಾಲ್ಕು ವರ್ಷದ ಉದರಿ!

ಹಳೇ ಸರಣಿಗಳ ಮೇಲೆ ಖಾತೆ ಹಚ್ಚಿ ತಾಳೆ ನೋಡಿದೆ. ಪಾಟರ್ ಚೆನ್ನಾಗಿ ಕೂಡಿತು. ಇಂಥದ್ದೇ ಇನ್ನೊಂದು ಸರಣಿ ವೀಲ್ ಆಫ್ ಟೈಮ್‌ನಲ್ಲಿ ಬಿದ್ದೆ. ಅದರಲ್ಲಿ ಅಸ್ಮೋಡಿಯನ್ ಅನ್ನುವವನನ್ನು 1993ರ ಪುಸ್ತಕದ ಕೊನೆಯಲ್ಲಿ ಯಾರೋ ಕೊಲ್ಲುತ್ತಾರೆ, ಕೊಂದವರ ಹೆಸರಿಲ್ಲ. ಓದುಗರು ಹದಿನೇಳು ವರ್ಷ ಕಿತ್ತಾಡಿದರು. ನನ್ನ ಖಾತೆಯಲ್ಲಿ ಮೂರು ಜನರ ಮೇಲೆ ಅನುಮಾನ ನಿಂತಿತ್ತು, ಮೂರೂ ತಪ್ಪು. ಉತ್ತರ ಸಿಕ್ಕಿದ್ದು 2010ರ ಪುಸ್ತಕದಲ್ಲಿ, ಅದೂ ಕಥೆಯಲ್ಲಲ್ಲ, ಹಿಂದಿನ ಪದಪಟ್ಟಿಯಲ್ಲಿ: ಕೊಂದವಳು ಗ್ರೇಂಡಾಲ್. ಗಲ್ಲೆಯ ಮೇಲೆ ಎಣಿಸಿ ಕೊಡಬೇಕಾದ ಹಣವನ್ನು ಹಿತ್ತಲ ಬಾಗಿಲಲ್ಲಿ ತುರುಕಿ ಹೋದ ಹಾಗೆ. ಅವತ್ತಿನಿಂದ ಹೊಸ ಪುಸ್ತಕ ಬಂದರೆ ಮೊದಲು ಪದಪಟ್ಟಿ ಓದುತ್ತೇನೆ.

ಖಾತೆ ಸರಿ ಇತ್ತು, ಆದರೆ ಅದಕ್ಕೆ ಕೇಳುವ ಪ್ರಶ್ನೆ ತಪ್ಪಿತ್ತು. ಅದನ್ನು ಸರಿ ಮಾಡಿದ್ದು ನಮ್ಮವ್ವ.

ಸ್ಟಾರ್ಮ್‌ಲೈಟ್‌ನಲ್ಲಿ ಹತ್ತು ಜನ ಹೆರಾಲ್ಡ್‌ಗಳಿದ್ದಾರೆ, ಸತ್ತರೂ ಮರಳಿ ಬರುವವರು. 2010ರ ಮೊದಲ ಪುಸ್ತಕದ ಆರಂಭದಲ್ಲೇ ಅವರಲ್ಲಿ ಒಂಬತ್ತು ಜನ ಸಾಕಾಗಿ, ಕತ್ತಿ ನೆಟ್ಟು, ಮಾತು ಮುರಿದು ಹೋಗುತ್ತಾರೆ. 2017ರ ಮೂರನೇ ಪುಸ್ತಕದಲ್ಲಿ ಅವರ ರಾಜ ಜೆಜ್ರಿಯೆನ್ ಒಬ್ಬ ಕುಡುಕ ಭಿಕ್ಷುಕನಾಗಿ ಬಿದ್ದಿರುತ್ತಾನೆ. ಮೋವಾಶ್ ಅನ್ನುವವನು ಬಂದು ಚಾಕು ಹಾಕುತ್ತಾನೆ. ಈ ಸಲ ಪ್ರಾಣ ಮರಳಿ ಹೋಗುವುದಿಲ್ಲ, ಚಾಕುವಿನ ಹರಳಿನಲ್ಲಿ ಸಿಕ್ಕಿಬೀಳುತ್ತದೆ. 2020ರ ನಾಲ್ಕನೇ ಪುಸ್ತಕದಲ್ಲಿ ಅಲ್ಲೂ ನಿಲ್ಲದೆ ಹೋಗಿಬಿಡುತ್ತದೆ. ನಾವೆಲ್ಲ ಹರಳಿನ ಹಿಂದೆ ಬಿದ್ದಿದ್ದೆವು. ಆ ಪ್ರಾಣ ಏನಾಯಿತು, ಯಾರಾದರೂ ಹಿಡಿದಿಟ್ಟಿದ್ದಾರಾ, ಮರಳಿ ಬರುತ್ತಾ? ಇದರ ಮೇಲೆಯೇ ನಾನು ಹದಿನಾಲ್ಕು ಪುಟ ತುಂಬಿಸಿದ್ದೆ.

ಒಂದು ರಾತ್ರಿ ಕರೆಂಟ್ ಹೋಗಿತ್ತು. ಅವ್ವನಿಗೆ ಈ ಕಥೆ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಾ, "ಇದು ಗಿಳಿ ಕಥಿನೇ ಅಲ್ಲೇನೋ" ಎಂದಳು. ಏಳು ಸಮುದ್ರದಾಚೆ ಗಿಳಿಯೊಳಗೆ ಪ್ರಾಣ ಇಟ್ಟ ರಾಕ್ಷಸ. ಗಿಳಿ ಕುತ್ತಿಗೆ ಮುರಿದರೆ ಇವನು ಇಲ್ಲಿ ಸಾಯುತ್ತಾನೆ. ಹೌದು, ಅದೇ ಅಂದೆ. ಆಮೇಲೆ ಅವಳು ಕೇಳಿದಳು: "ಅಂವ ಸತ್ತ ಮ್ಯಾಲ ಅವನ ಅರಮನಿ ಯಾರಿಗೆ ಹೋತು? ಉತಾರದಾಗ ಯಾರ ಹೆಸರು ಹಚ್ಚಿದ್ರು?"

ನಾನು ಸುಮ್ನೆ ಕೂತುಬಿಟ್ಟೆ. ಇಷ್ಟು ವರ್ಷ ಪ್ರಾಣ ಎಲ್ಲಿ ಹೋಯಿತು ಅಂತ ಹುಡುಕಿದೆನೇ ಹೊರತು ಖಾಲಿಯಾದ ಜಾಗ ನೋಡಿರಲಿಲ್ಲ. ಹತ್ತು ಜನರ ಕೂಟದಲ್ಲಿ ಒಂದು ಜಾಗ ಬಿದ್ದಿದೆ, ಮೂರನೇ ಪುಸ್ತಕದಿಂದ ಉದರಿ, ನಾಲ್ಕನೆಯದರಲ್ಲೂ ವಸೂಲಿ ಇಲ್ಲ. ವಾರಸದಾರ ಯಾರು? ಜೆಜ್ರಿಯೆನ್ ಯಾವ ಯೋಧರ ಪಂಥಕ್ಕೆ ಪೋಷಕನೋ ಆ ವಿಂಡ್‌ರನ್ನರ್ ಪಂಥದವನೇ ಕಥಾನಾಯಕ ಕಲಾದಿನ್. ಎಲ್ಲರನ್ನೂ ಉಳಿಸಲು ಹೋಗಿ ತಾನೇ ಮುರಿದು ಬಿದ್ದವನು. ಅವತ್ತೇ ಟಾರ್ಚ್ ಬೆಳಕಿನಲ್ಲಿ ಬರೆದೆ: 'ಕಲಾದಿನ್, ಹೆರಾಲ್ಡ್ ಆಗುತ್ತಾನೆ, ಜಾಗ ಬಾಕಿ.' ಲಕೋಟೆಯ ಮೊದಲ ಸಾಲು ಇದೇ.

ಈ ಸಾಲಿನಿಂದ ಒಂದು ಫಜೀತಿಯೂ ಆಯಿತು. ನನ್ನ ಖಾತೆ ಪುಸ್ತಕ ಅಂಗಡಿಯ ಪುಸ್ತಕಗಳ ನಡುವೆ ಸೇರಿಬಿಟ್ಟಿತು. ಸಾವಕಾರರು ತಿರುವಿ ಹಾಕುತ್ತಾ ಕೂತವರು ನನ್ನನ್ನು ಕರೆದರು. "ಏ, ಈ ಕಲಾದಿನ್ ಯಾರು? ಕಲಾದಗಿ ಕಡೆಯಾಂವ ಏನು? ನಾಕು ವರ್ಷದ್ದು ಬಾಕಿ ತೋರಿಸ್ತದ, ಒಮ್ಮೆರೆ ಫೋನ್ ಮಾಡಿಯೇನು?" ನಾನು, "ಇಲ್ರಿ ಸಾವಕಾರ್ರ, ಅಂವ ಕಥಿಯೊಳಗಿನ ಮನಷ್ಯಾ ರೀ" ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, ಪುಸ್ತಕ ಮುಚ್ಚಿ, "ಕಥಿಯೊಳಗಿನಾಂವ ಆದ್ರೂ ಬಿಡಬ್ಯಾಡ" ಎಂದರು.

ಕಾಯುವ ಮೂರು ವರ್ಷದಲ್ಲಿ ಸುಮ್ಮನಿರಲಾಗದೆ ಬೇರೆ ಕಡೆಯೂ ಖಾತೆ ಹಚ್ಚಿದೆ. ಮಹಾಭಾರತಕ್ಕೆ ಹಚ್ಚಿ ನೋಡಿ, ಬೆರಗಾಗುತ್ತೀರಿ. ಅಲ್ಲಿ ಶಾಪ ಅಂದರೆ ವಾಯಿದೆ ಚೀಟಿ. ಕರ್ಣನ ಮೇಲೆ ಎರಡು ಇವೆ, ಪರಶುರಾಮನದು ಒಂದು, ಆಕಳು ಸತ್ತ ಬ್ರಾಹ್ಮಣನದು ಒಂದು. ಒಂದಕ್ಕೆ ಅಸ್ತ್ರ ಮರೆಯಬೇಕು, ಇನ್ನೊಂದಕ್ಕೆ ರಥದ ಗಾಲಿ ಹೂಳಬೇಕು. ಎರಡೂ ಹದಿನೇಳನೇ ದಿನವೇ ವಸೂಲಿ. ಅಂಬೆಯದು ಎಲ್ಲಕ್ಕಿಂತ ದೊಡ್ಡ ಉದರಿ: ಸ್ವಯಂವರದಲ್ಲಿ ಹಚ್ಚಿದ್ದು, ಜನ್ಮ ಬದಲಾಯಿಸಿ ಶಿಖಂಡಿಯಾಗಿ ಬಂದು ಯುದ್ಧದ ಹತ್ತನೇ ದಿನ ಭೀಷ್ಮನಿಂದ ತೀರಿಸಿಕೊಳ್ಳುತ್ತಾಳೆ. ಆತ್ಮ ದಾಟಿದರೂ ಸಾಲ ದಾಟುವುದಿಲ್ಲ. ಊರ ಜಾತ್ರೆಯಲ್ಲಿ ಪಾರಿಜಾತ ಆಟಕ್ಕೂ ಖಾತೆ ಹಿಡಿದು ಕೂತಿದ್ದೆ. ನಾರದ ತಂದ ಒಂದು ಹೂವು ರುಕ್ಮಿಣಿಗೆ ಹೋಯಿತಲ್ಲ, ಅದೊಂದೇ ಉದರಿ, ಬೆಳಗಾಗುವುದರೊಳಗೆ ಚುಕ್ತಾ. ನಡುವೆ ನಿದ್ದೆ ಹೊಡೆದೆ, ಅದು ಬೇರೆ ಮಾತು.

ಇನ್ನೊಂದು ಪ್ರಯೋಗ ಅನುವಾದದ್ದು. ಪಾಟರ್ ಆರನೇ ಪುಸ್ತಕದ ಕೊನೆಯಲ್ಲಿ ಆರ್.ಎ.ಬಿ. ಅಂತ ಸಹಿ ಇರುವ ಚೀಟಿ ಸಿಗುತ್ತದೆ. ಡಚ್ ಪುಸ್ತಕದಲ್ಲಿ ಕೊನೆಯ ಅಕ್ಷರ ಝಡ್, ನಾರ್ವೆಯದರಲ್ಲಿ ಎಸ್. ಆ ಭಾಷೆಗಳಲ್ಲಿ ಕಥೆಯೊಳಗಿನ ಬ್ಲ್ಯಾಕ್ ಮನೆತನದ ಹೆಸರನ್ನು ಕಪ್ಪು ಅನ್ನುವ ಅರ್ಥದಲ್ಲಿ ಮೊದಲೇ ಬದಲಿಸಿದ್ದರು, ಹಾಗಾಗಿ ಸಹಿ ಯಾವ ಮನೆಯವನದು ಅಂತ ಅಲ್ಲೇ ಬಯಲಾಯಿತು. ನನಗೆ ಡಚ್ಚೂ ಬರುವುದಿಲ್ಲ, ನಾರ್ವೆ ಭಾಷೆಯೂ ಬರುವುದಿಲ್ಲ. ಆದರೆ ಹೆಸರುಗಳನ್ನು ಮಾತ್ರ ಹೋಲಿಸಲು ಭಾಷೆ ಬರಲೇಬೇಕು ಅಂತಿಲ್ಲ. ಇದನ್ನು ಇನ್ನೊಂದು ಸರಣಿಗೆ ಹಚ್ಚಿ ನೋಡಿದ್ದೇನೆ. ಫಲ ಏನು ಅಂತ ಈಗ ಹೇಳುವುದಿಲ್ಲ.

ಸ್ಟಾರ್ಮ್‌ಲೈಟ್‌ನ ಐದನೇ ಪುಸ್ತಕ 2024ರ ಡಿಸೆಂಬರ್‌ನಲ್ಲಿ ಬಂತು. ಸಾವಿರದ ಮುನ್ನೂರು ಪುಟಕ್ಕಿಂತ ಜಾಸ್ತಿ. ನನ್ನ ಪಾರ್ಸೆಲ್ ತಡವಾಗಿ, ಒಂದು ಮೂಲೆ ಜಜ್ಜಿಕೊಂಡು ಬಂತು. ಸರಣಿಗೆ ಇಲ್ಲಿಯವರೆಗೆ ಹೋದ ದುಡ್ಡು ಐದಾರು ಸಾವಿರ ಇರಬಹುದು, ಹಾಳಾದ ರೀಡರ್ ಬಿಟ್ಟು. ಅಷ್ಟರಲ್ಲಿ ದ್ರಾಕ್ಷಿ ಸೀಸನ್ ಹತ್ತಿರ ಬಂದಿತ್ತು. ಊಟ ಮಾಡಿ ರಾತ್ರಿ ಹನ್ನೊಂದಕ್ಕೆ ಕೂತರೆ ಎರಡು ಗಂಟೆ, ಹತ್ತೊಂಬತ್ತು ರಾತ್ರಿ. ಕೊನೆ ಹತ್ತಿರ ಬಂದಾಗ ಕಲಾದಿನ್ ಹೋಗಿ ಆ ಖಾಲಿ ಜಾಗದಲ್ಲಿ ನಿಂತ. ನಾನು ಎದ್ದು ಅಂಗಳದಲ್ಲಿ ಎರಡು ಸುತ್ತು ಹಾಕಿದೆ. ಮನೆಯವಳು ಕಿಟಕಿಯಿಂದ, "ಹೊಟ್ಟಿ ನೋವೇನು?" ಅಂತ ಕೇಳಿದಳು.

ಈ ಊಹೆ ಬೇರೆ ಎಷ್ಟೋ ಓದುಗರೂ ಮಾಡಿದ್ದರು ಅಂತ ಆಮೇಲೆ ತಿಳಿಯಿತು. ಮಾಡಿರಲಿ. ನಾನು ಯಾರನ್ನೂ ನೋಡಿ ಬರೆದದ್ದಲ್ಲ, ಲಕೋಟೆಯ ಮೇಲೆ ತಾರೀಖಿದೆ.

ಭಾನುವಾರ ಗಗನ್ ಮಹಲ್ ಹತ್ತಿರ ಲಕೋಟೆ ಒಡೆದೆವು. ಹನ್ನೊಂದರಲ್ಲಿ ಏಳು ಸರಿ, ಮೂರು ತಪ್ಪು, ಒಂದು ಇನ್ನೂ ತೀರಿಲ್ಲ. ತಪ್ಪಿದ್ದರಲ್ಲಿ ದೊಡ್ಡದು ಅಡೋಲಿನ್ ಅನ್ನುವ ರಾಜಕುಮಾರನದು. 2014ರ ಎರಡನೇ ಪುಸ್ತಕದ ಕೊನೆಯಲ್ಲಿ ಅವನು ತನ್ನ ಅಪ್ಪನ ವೈರಿ ಸಾದಿಯಾಸ್‌ನನ್ನು ಕತ್ತಲಲ್ಲಿ ಕೊಂದುಹಾಕುತ್ತಾನೆ. ಆ ಕೊಲೆಗೆ ಬಡ್ಡಿ ಸಮೇತ ಪ್ರಾಣವೇ ಹೋಗುತ್ತದೆ ಅಂತ ಬರೆದುಕೊಟ್ಟಿದ್ದೆ. ಅವನ ಕಾಲು ಹೋಯಿತು, ಪ್ರಾಣ ಉಳಿಯಿತು. ಸರ್ ಇದನ್ನೇ ಹಿಡಿದು ಜಗ್ಗಾಡಿದರು. ನಾನು, "ಅರ್ಧ ವಸೂಲಿ ರೀ ಸರ್" ಎಂದೆ. ಅಂಗಡಿಯಲ್ಲಿ ಎಷ್ಟೋ ಸಲ ಅಸಲು ಬಂದರೆ ಸಾಕು ಅಂತ ಬಡ್ಡಿ ಬಿಡುವುದಿಲ್ಲವೇ? ಬರೆಯುವವರಿಗೆ ಅವನ ಮೇಲೆ ಪ್ರೀತಿ ಇದೆ ಅನ್ನುವುದನ್ನು ನಾನು ಲೆಕ್ಕಕ್ಕೆ ತಗೊಂಡಿರಲಿಲ್ಲ. ಈಗ ಅದಕ್ಕೂ ಒಂದು ಗುರುತು ಹಾಕುತ್ತೇನೆ.

ಐದು ನೂರರ ನೋಟು ಬಂತು. ಗಿರ್ಮಿಟ್ ಎರಡೆರಡು ಪ್ಲೇಟ್ ಆಯಿತು, ಮಿರ್ಚಿ ಲೆಕ್ಕ ಇಟ್ಟಿಲ್ಲ. ತಿಂದು ಕೈ ಒರೆಸಿಕೊಳ್ಳುತ್ತಾ ಸರ್ ಮೆಲ್ಲಗೆ, "ಆ ಖಾತೆ ಒಂದು ವಾರ ಕೊಡು, ನೋಡಿ ಕೊಡ್ತೀನಿ" ಎಂದರು. ಪುಸ್ತಕ ಕೊಡಲಿಲ್ಲ. ಮರುದಿನ ಮೂರನೇ ಕಾಲಂ ಮೇಲೆ ಕಾಗದದ ಪಟ್ಟಿ ಇಟ್ಟು, ಮೂವತ್ತು ಪುಟ ಜೆರಾಕ್ಸ್ ಮಾಡಿಸಿ ಕಳಿಸಿದೆ. ಜೆರಾಕ್ಸ್ ದುಡ್ಡು ಅರವತ್ತು ರೂಪಾಯಿ ಅವರಿಂದ ಇನ್ನೂ ಬರಬೇಕು.