ಎರಡು ಗುಡ್ಡ, ನಡುವೆ ಸೂರ್ಯ: ಆ ಚಿತ್ರದಿಂದ ಮಕ್ಕಳನ್ನು ಹೊರಗೆ ತಂದದ್ದು

ಪ್ರಾಥಮಿಕ ಶಾಲೆಯ ಯಾವ ಮಗುವಿಗೆ ಬೇಕಾದರೂ ಒಂದು ಹಾಳೆ ಕೊಟ್ಟು "ಚಿತ್ರ ಬರಿ" ಅನ್ನಿ. ಬರುವುದು ಒಂದೇ ಚಿತ್ರ. ಎರಡು ಚೂಪು ಗುಡ್ಡ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಇಳಿಯುವ ನದಿ, ದಡದಲ್ಲಿ ಒಂದು ಮನೆ, ಮನೆಗೊಂದು ತೆಂಗಿನಮರ. ನಮ್ಮ ಶಾಲೆ ಇರುವುದು ಸಾಗರ ತಾಲೂಕಿನ ಒಂದು ಹಳ್ಳಿಯಲ್ಲಿ. ಹಿಂದೆ ಅಡಿಕೆ ತೋಟ, ಮುಂದೆ ಗದ್ದೆ. ಸುತ್ತ ಇರುವ ಗುಡ್ಡಗಳೆಲ್ಲ ದುಂಡು ಬೆನ್ನಿನವು, ಚೂಪು ಗುಡ್ಡ ಹುಡುಕಿದರೂ ಸಿಗುವುದಿಲ್ಲ. ಆದರೂ ನಮ್ಮ ಮಕ್ಕಳು ಬರೆಯುವುದು ಚೂಪು ಗುಡ್ಡವನ್ನೇ. ಮಗ್ಗಿ ಒಪ್ಪಿಸಿದ ಹಾಗೆ ಚಿತ್ರ ಒಪ್ಪಿಸುತ್ತಾರೆ.

ನಾನು ಚಿತ್ರಕಲೆ ಓದಿದವಳಲ್ಲ. ಐದನೇ ಕ್ಲಾಸಿನವರೆಗಿನ ಸರ್ಕಾರಿ ಶಾಲೆಗೆ ಡ್ರಾಯಿಂಗ್ ಟೀಚರ್ ಎಲ್ಲಿಂದ ಬರಬೇಕು ಹೇಳಿ? ನಲಿ-ಕಲಿಯೂ ನನ್ನದೇ, ಗಣಿತವೂ ನನ್ನದೇ, ಬಿಸಿಯೂಟದ ಅಕ್ಕಿ ಲೆಕ್ಕವೂ ನನ್ನದೇ. ಶನಿವಾರ ಬೆಳಗಿನ ಶಾಲೆ ಇರುತ್ತದೆ. ಅದರ ಕೊನೆಯ ಒಂದು ಗಂಟೆಯನ್ನು ಬಣ್ಣಕ್ಕೆ ಅಂತ ಇಟ್ಟುಕೊಂಡೆ.

ಮೊದಲು ಬಣ್ಣ ಮುಟ್ಟಿಸಲೇ ಇಲ್ಲ. ಆಕಾರ ಹುಡುಕುವ ಆಟ ಆಡಿಸಿದೆ. ಅಂಗಳಕ್ಕೆ ಹೋಗಿ ಒಂದು ವಸ್ತು ನೋಡಿ ಬರಬೇಕು. ಅದರ ಹೆಸರು ಹೇಳುವಂತಿಲ್ಲ, ಆಕಾರ ಮಾತ್ರ ಹೇಳಬೇಕು. ಉಳಿದವರು ಅದೇನು ಅಂತ ಊಹಿಸಬೇಕು. "ದುಂಡಗಿದೆ ಟೀಚರ್, ಒಂದು ಕಡೆ ಸೀಳಿದೆ" ಅಂದರೆ ಒಂದೆಲಗ. "ಉದ್ದ ಇದೆ, ಮೈಮೇಲೆ ಉಂಗುರ ಇದೆ" ಅಂದರೆ ಅಡಿಕೆ ಮರ. ಕೆಸುವಿನ ಎಲೆಗೂ ಹಲಸಿನ ಎಲೆಗೂ ಏನು ವ್ಯತ್ಯಾಸ ಅಂತ ಒಂದನೇ ಕ್ಲಾಸಿನವರು ಜಗಳ ಮಾಡುವಷ್ಟು ಆಟ ಏರಿತು. ಹಂಚು, ಜಂಬಿಟ್ಟಿಗೆ ಕಲ್ಲು, ಬಾವಿಯ ಕಟ್ಟೆ, ಬಿದ್ದ ಅಡಿಕೆ ಹಾಳೆ, ಸೈಕಲ್ ಚಕ್ರ, ಎಲ್ಲ ಬಂತು. ಆಮೇಲೆ ಹಳೇ ಪೇಪರನ್ನು ಬೆರಳಲ್ಲೇ ಹರಿದು ಆ ಆಕಾರ ಮಾಡುವುದು. ಕತ್ತರಿ ಇಲ್ಲ, ಪೆನ್ಸಿಲ್ಲೂ ಇಲ್ಲ. ಪೆನ್ಸಿಲ್ ಕೈಗೆ ಬಂದರೆ ರಬ್ಬರೂ ಬರುತ್ತದೆ. ರಬ್ಬರ್ ಬಂದರೆ ಇಡೀ ಗಂಟೆ ಅಳಿಸುವುದರಲ್ಲೇ ಹೋಗುತ್ತದೆ.

ಚಿಕ್ಕವರಿಗೆ ಅಚ್ಚು ಒತ್ತುವುದು ತುಂಬಾ ಹಿಡಿಸಿತು. ಬೆಂಡೆಕಾಯಿಯನ್ನು ಅಡ್ಡ ಕೊಯ್ದರೆ ಐದು ಮೂಲೆಯ ಹೂವು. ಬಿಸಿಯೂಟಕ್ಕೆ ಬೆಂಡೆ ಹೆಚ್ಚುವಾಗ ತೊಟ್ಟಿನ ಕಡೆಯ ತುಂಡನ್ನು ಹೇಗೂ ಬಿಸಾಡುತ್ತಾರೆ. ಅದನ್ನೇ ಕೇಳಿ ತೆಗೆದಿಟ್ಟೆ, ತೊಟ್ಟು ಹಿಡಿದು ಒತ್ತಲು ಸಲೀಸು. ಬಾಳೆದಿಂಡು, ಈರುಳ್ಳಿ, ಹಸಿ ಅಡಿಕೆಯ ಅಡ್ಡ ತುಂಡು, ಬೆಂಕಿಪೊಟ್ಟಣದ ಅಂಚು, ಇವೆಲ್ಲ ಅಚ್ಚುಗಳೇ. ಒಂದು ಕಿವಿಮಾತು: ಬಣ್ಣವನ್ನು ತಟ್ಟೆಯಲ್ಲಿ ಸುಮ್ನೆ ಸುರಿದು ಕೊಡಬೇಡಿ. ಹಳೆ ಬಟ್ಟೆಯ ನಾಲ್ಕು ಮಡಿಕೆ ಹಾಕಿ, ಅದಕ್ಕೆ ಬಣ್ಣ ಕುಡಿಸಿ, ಆ ಬಟ್ಟೆಯ ಮೇಲೆ ಅಚ್ಚು ಒತ್ತಿಸಿ. ಇಲ್ಲದಿದ್ದರೆ ಹೂವಿನ ಬದಲು ಬರೀ ಒಂದು ಕೆಸರಿನ ಚುಕ್ಕೆ ಬರುತ್ತದೆ. ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಬೆಂಕಿಪೊಟ್ಟಣದ ಅಂಚನ್ನು ಸಾಲಾಗಿ ಒತ್ತುತ್ತಾ ಹೋದಳು. ಕೆಳಗಿನ ಸಾಲು ಮುಗಿದ ಮೇಲೆ ಅರ್ಧ ಸರಿಸಿ ಮೇಲಿನ ಸಾಲು. ಹಂಚಿನ ಮಾಡು, ಅಂದರೆ ಚಾವಣಿ, ಎದ್ದು ಬಂತು. ಮನೆ ಬರಿ ಅಂತ ನಾನು ಹೇಳಿರಲೇ ಇಲ್ಲ.

ಬಣ್ಣದ ವಿಷಯ. ಕೆಮ್ಮಣ್ಣಿಗೆ ನಮ್ಮಲ್ಲಿ ಬರವಿಲ್ಲ. ಒಣ ಮಣ್ಣನ್ನು ಪುಡಿ ಮಾಡಿ, ನೀರಲ್ಲಿ ಕದಡಿ, ಮರಳು ತಳಕ್ಕೆ ಕೂತ ಮೇಲೆ ಮೇಲಿನ ಕೆಂಪು ನೀರನ್ನು ಬಟ್ಟೆಯಲ್ಲಿ ಸೋಸಿ ಬೇರೆ ಪಾತ್ರೆಗೆ ಬಗ್ಗಿಸಬೇಕು. ಮಾರನೆ ದಿನ ಅದರ ತಳದಲ್ಲಿ ನುಣ್ಣನೆ ಮಣ್ಣು ಕೂತಿರುತ್ತದೆ. ತಿಳಿನೀರು ಚೆಲ್ಲಿ, ನಾಲ್ಕು ಚಮಚ ಮಣ್ಣಿಗೆ ಒಂದು ಚಮಚ ಫೆವಿಕಾಲ್ ಕಲಸಿದರೆ ಒಣಗಿದ ಮೇಲೆ ಉದುರುವುದಿಲ್ಲ. ಬಿಳಿಗೆ ನೆನೆಸಿ ರುಬ್ಬಿದ ಅಕ್ಕಿ ಹಿಟ್ಟು. ಅದನ್ನು ಅವತ್ತಿಗೆ ಬೇಕಾದಷ್ಟೇ ಮಾಡಬೇಕು, ಮಾರನೆ ದಿನಕ್ಕೆ ಹುಳಿ ವಾಸನೆ ಹೊಡೆಯುತ್ತದೆ. ಕಪ್ಪಿಗೆ ಒಲೆಯ ಇದ್ದಿಲು. ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಕೆಂಪಾಗುತ್ತದೆ, ಅದನ್ನು ನೋಡಿ ಮಕ್ಕಳು ಪ್ರತಿ ಸಲವೂ ಕೂಗುತ್ತಾರೆ. ಬರೀ ಅರಿಶಿನ ಬಿಸಿಲಿಗೆ ಬೇಗ ಮಾಸುತ್ತದೆ. ಎಲೆ ಜಜ್ಜಿ ತೆಗೆದ ಹಸಿರಂತೂ ಒಣಗಿದ ಮೇಲೆ ಕಂದು ಆಗುತ್ತದೆ. ಹಸಿರು, ನೀಲಿಗೆ ಪೋಸ್ಟರ್ ಕಲರ್ ಬಾಟಲಿ ತಂದೆ, ಅದಕ್ಕೇನು ನಾಚಿಕೆ? ಬ್ರಷ್ ಎಲ್ಲರಿಗೂ ಸಾಲುವುದಿಲ್ಲ. ಅಡಿಕೆ ಸಿಪ್ಪೆಯ ತುದಿ ಜಜ್ಜಿದರೆ ದಪ್ಪ ಬ್ರಷ್ ಸಿಗುತ್ತದೆ. ಬಣ್ಣ ಕಲಸಲು ಅಡಿಕೆ ಹಾಳೆಯ ತುಂಡು ಸಾಕು. ಚಿತ್ರ ಬರೆಯುವ ಹಾಳೆಗೆ ಲಗ್ನಪತ್ರಿಕೆಯ ಹಿಂಬದಿ.

ನಾಲ್ಕು, ಐದನೇ ಕ್ಲಾಸಿನವರಿಗೆ ಒಂದೇ ನಿಯಮ: ದೊಡ್ಡ ಆಕಾರ ಮೊದಲು, ಗೆರೆ ಕೊನೆಗೆ. ಹೊರಗೆರೆ ಎಳೆದು ಒಳಗೆ ಬಣ್ಣ ತುಂಬುವುದಲ್ಲ, ಬಣ್ಣದಲ್ಲೇ ಆಕಾರ ಇಡುವುದು. ಅಂಗಳದಲ್ಲಿ ನಿಲ್ಲಿಸಿ ಎದುರಿನ ಮನೆ ತೋರಿಸಿ ಕೇಳಿದೆ, "ಗೋಡೆ ಜಾಸ್ತಿ ಕಾಣ್ತದಾ, ಮಾಡು ಜಾಸ್ತಿ ಕಾಣ್ತದಾ?" ಎಲ್ಲರೂ ಸುಮ್ಮನಾದರು. ಮಲೆನಾಡಿನ ಮನೆ ನೋಡಿ, ಮಳೆಗೆ ಅಂತ ಮಾಡನ್ನು ಕೆಳಗಿನವರೆಗೂ ಇಳಿಸಿರುತ್ತಾರೆ. ದೂರದಿಂದ ಕಾಣುವುದು ಮುಕ್ಕಾಲು ಪಾಲು ಮಾಡೇ, ಗೋಡೆ ಒಂದು ಪಟ್ಟಿ ಅಷ್ಟೆ. ಮಕ್ಕಳು ಅಲ್ಲಿಯವರೆಗೆ ಬರೆಯುತ್ತಿದ್ದ ಮನೆಯಲ್ಲಿ ದೊಡ್ಡ ಗೋಡೆ, ಮೇಲೆ ಸಣ್ಣ ತ್ರಿಕೋನ. ಆವತ್ತು ಕೆಮ್ಮಣ್ಣಿನಲ್ಲಿ ದೊಡ್ಡ ದೊಡ್ಡ ಮಾಡುಗಳು ಬಂದವು. ಕೆಲವರ ಹಾಳೆಯಲ್ಲಿ ಗೋಡೆಗೆ ಜಾಗವೇ ಉಳಿದಿರಲಿಲ್ಲ.

ಖಾಲಿ ಬೆಂಕಿಪೊಟ್ಟಣದ ಹೊರ ಕವಚ ಇಟ್ಟುಕೊಳ್ಳಿ, ಒಳ್ಳೆಯ ಕಿಟಕಿ ಅದು. ಒಂದು ಕಣ್ಣು ಮುಚ್ಚಿ ಅದರೊಳಗಿಂದ ನೋಡಿದರೆ ಇಡೀ ತೋಟ ಹೋಗಿ ಎರಡು ಮರ, ಒಂದು ತುಂಡು ಆಕಾಶ ಉಳಿಯುತ್ತದೆ. ಏನು ಬರೆಯಲಿ ಅನ್ನುವ ಗೊಂದಲ ಅರ್ಧ ಕಡಿಮೆ. ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಅಡಿಕೆ ಮರಗಳನ್ನು ಹೀಗೆ ಬಹಳ ಹೊತ್ತು ನೋಡಿ ಬಂದು ಕೇಳಿದ, "ಟೀಚರ್, ಮರ ಬರೆಯೋದಾ, ಮರದ ನಡುವಿನ ಜಾಗ ಬರೆಯೋದಾ?" "ಜಾಗ ಬರಿ, ಏನಾಗ್ತದೆ ನೋಡುವ" ಅಂದೆ. ಅವನ ಹಾಳೆಗೆ ಆಗಲೇ ಕೆಮ್ಮಣ್ಣು ಬಳಿದಿತ್ತು. ಮರಗಳ ನಡುವೆ ಕಂಡ ಉದ್ದುದ್ದ ಖಾಲಿ ಜಾಗಗಳನ್ನು ಅಕ್ಕಿ ಹಿಟ್ಟಿನಲ್ಲಿ ತುಂಬಿದ. ಕೆಳಗೆ ಅಗಲ, ಮೇಲೆ ಸೋಗೆ ಅಡ್ಡ ಬಂದಲ್ಲಿ ಹರಿದು ಚೂರು ಚೂರು. ಮರಗಳನ್ನು ಅವನು ಮುಟ್ಟಲೇ ಇಲ್ಲ, ಅವು ಕೆಂಪಾಗಿ ತಾವೇ ನಿಂತವು. ಅದು ಒಣಗುವ ಮೊದಲೇ ಉಳಿದವರೂ ಬೆಂಕಿಪೊಟ್ಟಣ ಹಿಡಿದು ತೋಟದ ಬೇಲಿ ಹತ್ತಿರ ಓಡಿದರು.

ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಗೆರೆ ಅಂದರೆ ನಮ್ಮ ಊರಿಗೆ ಹೊಸತೇನಲ್ಲ. ನಮ್ಮ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ಭೂಮಿ ಹುಣ್ಣಿಮೆ ಹಬ್ಬಕ್ಕೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಚಿತ್ತಾರ ಮಾಡುತ್ತಾರೆ. ಮದುವೆಗೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಬ್ರಷ್ ಅಂದರೆ ಪುಂಡಿ ನಾರು, ಕಪ್ಪಿಗೆ ಹುರಿದು ಕರಕಲು ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ದಸರಾ ರಜೆಯಲ್ಲಿ ಹುಣ್ಣಿಮೆ ಬಂದು ಹೋಗಿತ್ತು. ಶಾಲೆ ಶುರುವಾದ ಮೇಲೆ ಮಕ್ಕಳು ಮನೆಯ ಬುಟ್ಟಿ ತಂದರು. ಒಬ್ಬ ಹುಡುಗಿಯ ಅಜ್ಜಿಯೂ ಬಂದರು. ಮಕ್ಕಳು ಬುಟ್ಟಿಯ ಮೇಲೆ ಆಕಾರ ಹುಡುಕತೊಡಗಿದರು: ಚೌಕ, ಏಣಿ, ಹೆಣೆದ ಜಡೆ, ಬತ್ತದ ಸಸಿ. ಅಜ್ಜಿ ನಾರು ಅದ್ದಿ ಸೀದಾ ಎಳೆಯುವುದನ್ನು ನೋಡಿ "ತಪ್ಪಿದರೆ?" ಅಂತ ಒಬ್ಬ ಕೇಳಿದ. ಅವರು ನನ್ನ ಕಡೆ ತಿರುಗಿ, "ಅಳ್ಸೋದಿಲ್ಲ ಅಕ್ಕೋರೆ, ಪಕ್ಕದಲ್ಲಿ ಇನ್ನೊಂದು ಎಳೆಯೋದು" ಅಂದರು. ರಬ್ಬರ್ ಬೇಡ ಅಂತ ನಾನು ತಿಂಗಳುಗಟ್ಟಲೆ ಹೇಳಿದ್ದಕ್ಕಿಂತ ಆ ಒಂದು ಮಾತು ಜಾಸ್ತಿ ಕೆಲಸ ಮಾಡಿತು.

ಸ್ಪರ್ಧೆಗೆ ಹೋದಾಗ ಮಾತ್ರ ಇದೇ ಮಕ್ಕಳು ವಾಪಸ್ ಚೂಪು ಗುಡ್ಡಕ್ಕೇ ಹೋಗುತ್ತಾರೆ. ಬಹುಮಾನ ಅದಕ್ಕೇ ಬರುತ್ತದೆ ಅಂತ ಅವರಿಗೆ ಗೊತ್ತು. ನಾನೂ ತಡೆಯುವುದಿಲ್ಲ. ಮಗುವಿಗೆ ಒಂದು ಸ್ಟೀಲ್ ಡಬ್ಬಿ ಸಿಗುವುದನ್ನು ನಾನ್ಯಾಕೆ ತಪ್ಪಿಸಲಿ?

ನೀವೂ ಶುರು ಮಾಡುವುದಿದ್ದರೆ ಮಣ್ಣನ್ನು ಮೇ ತಿಂಗಳಲ್ಲೇ ಒಣಗಿಸಿ ಡಬ್ಬಿಗೆ ತುಂಬಿಡಿ, ಮಳೆ ಹಿಡಿದರೆ ನಮ್ಮ ಕಡೆ ಏನೂ ಒಣಗುವುದಿಲ್ಲ. ಜೂನ್‌ನಿಂದ ಎಲೆಗಳ ಕಾಲ, ಆಕಾರದ ಆಟಕ್ಕೆ ಅದೇ ಸರಿ. ಅಡಿಕೆ ಗೊನೆ ಕೊಯ್ದು ಬೇಯಿಸುವ ಹೊತ್ತಿಗೆ ಚೊಗರು, ಅಂದರೆ ಅಡಿಕೆ ಬೇಯಿಸಿದ ನೀರು, ಸಿಗುತ್ತದೆ. ಹೆಗ್ಗೋಡಿನ ಚರಕ ಮಹಿಳಾ ಸಹಕಾರ ಸಂಘದವರು ಕೈಮಗ್ಗದ ಬಟ್ಟೆಗೆ ಬಣ್ಣ ಕಟ್ಟಲು ಬಳಸುವುದೂ ಇದನ್ನೇ. ಚೆನ್ನಾದ ಕೆಂಗಂದು ಬಣ್ಣ, ಹಾಳೆಗೆ ಚೆನ್ನಾಗಿ ಹಿಡಿಯುತ್ತದೆ. ಅಂಗಿಗೂ ಅಷ್ಟೇ ಚೆನ್ನಾಗಿ ಹಿಡಿಯುತ್ತದೆ, ಎಷ್ಟು ಒಗೆದರೂ ಹೋಗುವುದಿಲ್ಲ. ಚೊಗರು ಕೊಡುವುದಿದ್ದರೆ ಯೂನಿಫಾರ್ಮ್ ಹಾಕದ ದಿನ ನೋಡಿ ಕೊಡಿ.