ಬಾಕಿ ಕಾಲಂ ಇಲ್ಲದ ಪ್ರಾರ್ಥನೆ

ನನ್ನ ಪ್ರಾರ್ಥನೆ ಪುಸ್ತಕದಲ್ಲಿ ನಾಲ್ಕು ಕಾಲಂ ಇದ್ದವು: ತಾರೀಕು, ಬೇಡಿಕೆ, ಸಿಕ್ಕಿದ್ದು, ಬಾಕಿ. ಸಹಕಾರಿ ಸಂಘದಲ್ಲಿ 31 ವರ್ಷ ಲೆಕ್ಕ ಬರೆದ ಕೈ ದೇವರ ಮುಂದೆ ಕುಳಿತರೂ ಗೆರೆ ಎಳೆಯುವುದನ್ನು ಬಿಡಲಿಲ್ಲ. ರಕ್ತದಲ್ಲೇ ಇದೆಯೇನೋ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಹಂಚಿನ ಕಾರ್ಖಾನೆಯಲ್ಲಿ ನಮ್ಮಜ್ಜನೂ ಗುಮಾಸ್ತರಾಗಿದ್ದವರು.

ಮನೆ ಜಾಗದ ತಕರಾರು ಆರು ವರ್ಷ ಆ ಬಾಕಿ ಕಾಲಂನಲ್ಲಿ ಕೂತಿತ್ತು. ದಿನಾ ಬೆಳಿಗ್ಗೆ ಐದೂವರೆಗೆ ಎದ್ದು ಮೊಣಕಾಲೂರುತ್ತಿದ್ದೆ. ಕೊನೆಗೂ ನೋಂದಣಿಯಾಯಿತು. ಭಾನುವಾರ ಚರ್ಚಿನ ಸಭೆಯಲ್ಲಿ ಎದ್ದು ನಿಂತು, ದೇವರು ಪ್ರಾರ್ಥನೆ ಕೇಳಿದನೆಂದು ಸಾಕ್ಷಿಯನ್ನೂ ಹೇಳಿದೆ. ಅದಾದ ಮೇಲೆ ಮೂರು ವಾರ ಬೆಳಿಗ್ಗೆ ಎಚ್ಚರವೇ ಆಗಲಿಲ್ಲ. "ಕೆಲಸ ಆಯ್ತಲ್ಲ, ಇನ್ಯಾಕೆ ಏಳ್ತೀರಿ?" ಎಂದಳು ಹೆಂಡತಿ. ಅವಳು ತಮಾಷೆಗೆ ಅಂದದ್ದು. ನನಗೆ ಮಾತ್ರ ಸಂಘದ ಕೌಂಟರ್ ಕಣ್ಣಮುಂದೆ ಬಂತು. ಸಾಲ ಮಂಜೂರಾಗುವ ತನಕ ದಿನಾ ಬಂದು "ಸಾರ್, ಸಾರ್" ಎನ್ನುತ್ತಿದ್ದವರು, ಹಣ ಖಾತೆಗೆ ಬಿದ್ದ ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ಮೊಬೈಲ್ ನೋಡುತ್ತ ದಾಟಿಹೋಗುತ್ತಿದ್ದರು. ಅವರ ಬಗ್ಗೆ ನಾನು ಎಷ್ಟು ಗೊಣಗಿದ್ದೆ!

ಬೈಬಲಿನ ಯೋಬನ ಪುಸ್ತಕದ ಮೊದಲ ಅಧ್ಯಾಯದಲ್ಲಿ, ದೇವಭಕ್ತನಾದ ಯೋಬನನ್ನು ಕುರಿತು ಸೈತಾನ ದೇವರನ್ನು ಕೇಳುವುದೂ ಇದನ್ನೇ: ಇವನು ಲಾಭವಿಲ್ಲದೆ ನಿನಗೆ ಭಯಪಡುತ್ತಾನೋ? ನನ್ನ ವಿಷಯದಲ್ಲಿ ಕೇಳಿದ್ದರೆ ಸೈತಾನನೇ ಗೆಲ್ಲುತ್ತಿದ್ದ.

ಆ ವರ್ಷದ ಲೆಂಟ್‌ನಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲದಲ್ಲಿ, ಮೀನು ಮಾಂಸ ಬಿಡುವ ಬದಲು ಬೇಡುವುದನ್ನು ಬಿಟ್ಟೆ. 40 ದಿನ ನನಗಾಗಿ ಒಂದೂ ಬೇಡಿಕೆಯಿಲ್ಲ. ಬೆಳಿಗ್ಗೆ ಇಪ್ಪತ್ತು ನಿಮಿಷ ದೇವರ ಸನ್ನಿಧಿಯಲ್ಲಿ ಸುಮ್ಮನೆ ಕೂರುವುದು, ಅಷ್ಟೇ. ನಾಲ್ಕನೇ ದಿನವೇ ಕಳ್ಳ ಸಿಕ್ಕಿಬಿದ್ದ. "ಕರ್ತನೇ, ನೀನು ಪರಮ ವೈದ್ಯನು" ಎಂದು ಸ್ತುತಿಸುತ್ತಿದ್ದೆ. ಕೈ ನೋಯುವ ಮಂಡಿಯನ್ನು ಸವರುತ್ತಿತ್ತು. ಅದೆಲ್ಲಿಯ ಸ್ತುತಿ, ಹಿಂಬಾಗಿಲಿನಿಂದ ಒಳಹಾಕಿದ ಅರ್ಜಿ.

ಆಮೇಲೆ ಬೈಬಲಿನ 104ನೇ ಕೀರ್ತನೆ ಹಿಡಿದೆ. 35 ವಚನ, ದಿನಕ್ಕೊಂದು, ಗಟ್ಟಿಯಾಗಿ ಓದುವುದು. ಅದರಲ್ಲಿ ಕಾಡುಕತ್ತೆಗಳು ಹಳ್ಳದ ನೀರು ಕುಡಿಯುತ್ತವೆ, ಪ್ರಾಯದ ಸಿಂಹಗಳು ಬೇಟೆಗಾಗಿ ಗರ್ಜಿಸುತ್ತವೆ, ಲಿವ್ಯಾತಾನವೆಂಬ ದೈತ್ಯ ಜಲಜಂತುವನ್ನು ದೇವರು ಸಮುದ್ರದಲ್ಲಿ ಆಡಲೆಂದೇ ಉಂಟುಮಾಡಿದ್ದಾನೆ. ಅವುಗಳಿಂದ ನನಗೆ ಮೂರು ಕಾಸಿನ ಪ್ರಯೋಜನವಿಲ್ಲ. ಓದುತ್ತ ಓದುತ್ತ, ಹೀಗೆಲ್ಲ ಮಾಡಿದವನು ಎಂಥವನಿರಬಹುದು ಎಂಬ ಕುತೂಹಲ ಹುಟ್ಟಿತು. ಅಷ್ಟು ವರ್ಷ ಅವನ ಕೈಯಲ್ಲಿ ಏನಿದೆ ಎಂದು ನೋಡಿದ್ದೆನೇ ಹೊರತು ಮುಖ ನೋಡಿರಲಿಲ್ಲ.

ನಮ್ಮ ಸಭಾಪಾಲಕರಿಗೆ ನನ್ನ ಈ ವ್ರತ ಪೂರ್ತಿ ಒಪ್ಪಿಗೆಯಾಗಲಿಲ್ಲ. "ಅಪ್ಪನ ಹತ್ರ ಮಕ್ಕಳು ಕೇಳೋದು ತಪ್ಪಾ? ಅನುದಿನದ ಆಹಾರ ಕೇಳಿ ಅಂತ ಯೇಸುಸ್ವಾಮಿಯೇ ಕಲಿಸಿದ್ದಲ್ವಾ?" ಎಂದರು. ಕ್ಲೇರ್ವೋದ ಬರ್ನಾರ್ಡನ ವಿಷಯ ಹೇಳಿದವರೂ ಅವರೇ. 1153ರಲ್ಲಿ ತೀರಿಕೊಂಡ ಆ ಫ್ರಾನ್ಸಿನ ಸನ್ಯಾಸಿ ಪ್ರೀತಿಗೆ ನಾಲ್ಕು ಮೆಟ್ಟಿಲು ಹೇಳಿದ್ದಾನಂತೆ. ನನಗೋಸ್ಕರ ನನ್ನನ್ನು ಪ್ರೀತಿಸುವುದು ಮೊದಲನೆಯದು. ನನಗೆ ಉಪಕಾರವಾಗುತ್ತದೆಂದು ದೇವರನ್ನು ಪ್ರೀತಿಸುವುದು ಎರಡನೆಯದು; ನನ್ನ ಪುಸ್ತಕ ಇಲ್ಲಿಗೇ ಮುಗಿಯುತ್ತಿತ್ತು. ಮೂರನೆಯದು ದೇವರನ್ನು ದೇವರಿಗಾಗಿ. ನಾಲ್ಕನೆಯದು ನನ್ನನ್ನೂ ದೇವರಿಗಾಗಿಯೇ. ಆ ಕೊನೆಯದು ಈ ಲೋಕದಲ್ಲಿ ಯಾರಿಗಾದರೂ ಪೂರ್ತಿ ದಕ್ಕೀತೇ ಎಂದು ಬರ್ನಾರ್ಡನಿಗೇ ಅನುಮಾನವಿತ್ತಂತೆ. ಕೇಳಿ ನನಗೆ ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ.

ಕೂತು ಧ್ಯಾನಿಸುವುದಕ್ಕಿಂತ ನನಗೆ ಒಗ್ಗಿದ್ದು ಲೋಟ ತೊಳೆಯುವ ಕೆಲಸ. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ನಮ್ಮ ಚರ್ಚಿನಲ್ಲಿ ಹೆಬ್ಬೆರಳಿನಷ್ಟು ಗಾಜಿನ ಲೋಟಗಳನ್ನು ಇಡುತ್ತಾರೆ. ತಳದಲ್ಲಿ ದ್ರಾಕ್ಷಾರಸ ಒಣಗಿ ಅಂಟಿಕೊಂಡರೆ ಬೆರಳು ಒಳಗೆ ಹೋಗುವುದಿಲ್ಲ. ಹಳೇ ಬನಿಯನ್ ತುಂಡನ್ನು ಊದಿನಕಡ್ಡಿ ತುದಿಗೆ ಸುತ್ತಿ ತಿರುಗಿಸಬೇಕು. ಎಲ್ಲರೂ ಹೋದ ಮೇಲೆ ಹಿಂದಿನ ಕೋಣೆಯಲ್ಲಿ ನಿಂತು ತೊಳೆಯುತ್ತೇನೆ. ಮೊದಮೊದಲು ಎಷ್ಟು ಲೋಟ ಎಂದು ಎಣಿಸುತ್ತಿದ್ದೆ! ಬೈಬಲಿನಲ್ಲಿ ಬರುವಂತೆ, ಬೇಥಾನ್ಯವೆಂಬ ಹಳ್ಳಿಯಲ್ಲಿ ಒಬ್ಬ ಹೆಂಗಸು ಭರಣಿ ಒಡೆದು ಯೇಸುವಿನ ತಲೆಯ ಮೇಲೆ ಸುಗಂಧ ತೈಲ ಸುರಿದಾಗ, ಇದನ್ನು 300 ದಿನಾರಿಗೆ ಮಾರಬಹುದಿತ್ತಲ್ಲ ಎಂದು ಗೊಣಗಿದವರು ನನ್ನ ಜಾತಿಯವರೇ. ಹೆಚ್ಚುಕಡಿಮೆ ಒಂದು ವರ್ಷದ ಕೂಲಿ ಅದು. ಲೆಕ್ಕವೇನೂ ತಪ್ಪಿಲ್ಲ. ಆದರೆ ಅವಳು ಲೆಕ್ಕ ಹಾಕಿರಲೇ ಇಲ್ಲ. ಯಾರಿಗೂ ಹೇಳಬಾರದೆಂದುಕೊಂಡ ಲೋಟದ ಸಂಗತಿಯನ್ನು ಇಲ್ಲಿ ಬರೆದುಬಿಟ್ಟೆನಲ್ಲ, ನೋಡಿ, ಗುಮಾಸ್ತನ ಚಪಲ.

ಈಗ ಪ್ರತಿ ಲೆಂಟ್‌ನಲ್ಲೂ ಅದೇ ಕೀರ್ತನೆ. ಈ ವರ್ಷ 16ನೇ ದಿನ ರಾತ್ರಿ ಮೊಮ್ಮಗಳಿಗೆ 103 ಡಿಗ್ರಿ ಜ್ವರ. ವ್ರತ ಗಿತ ಎಲ್ಲ ಬದಿಗಿಟ್ಟು, ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಬಾಯಿಬಿಟ್ಟೇ ಬೇಡಿದೆ. ನಾಚಿಕೆಯೇನೂ ಆಗಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಮಗು ಬೆವರಿತು, ಮೈ ತಣ್ಣಗಾಯಿತು, ನಿದ್ದೆ ಹೋಯಿತು. "ನೀವೂ ಸ್ವಲ್ಪ ಮಲಗಿ" ಎಂದಳು ಹೆಂಡತಿ.

ಐದೂವರೆಗೆ ಹೋಗಿ ಕೂತೆ. ಆ ದಿನದ ವಚನ ಕೊಕ್ಕರೆಯ ಗೂಡಿನದು.