ನೂರು ಮೀಟರ್ ಕೆಳಗೆ ಎಕ್ಸಿಟ್ ಎಲ್ಲಿದೆ: ಸರ್ನ್‌ನಲ್ಲಿ ಸೇಫ್ಟಿ ಶಿಫ್ಟ್ ಮಾಡಿದ ನನ್ನ ಅನುಭವ

ಪಿಎಚ್‌ಡಿಗೆ ಅಂತ ಜರ್ಮನಿಗೆ ಬಂದು, ಅಲ್ಲಿಂದ ಜಿನೀವಾದ ಸರ್ನ್‌ನಲ್ಲಿ, ಅಂದ್ರೆ ಯುರೋಪಿನ ಕಣ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ, ಅಟ್ಲಾಸ್ ಪ್ರಯೋಗಕ್ಕೆ ಸೇರ್ಕೊಂಡವಳು ನಾನು. ಕಣಗಳು ಡಿಕ್ಕಿ ಹೊಡೆದಾಗ ಏನೇನು ಹುಟ್ಟುತ್ತೆ ಅಂತ ಗುರುತಿಸೋ ದೊಡ್ಡ ಡಿಟೆಕ್ಟರ್ ಈ ಅಟ್ಲಾಸ್. ಸರ್ನ್ ಅಂದ ತಕ್ಷಣ ಊರಲ್ಲಿ ಎಲ್ರೂ ಕೇಳೋದು ಹಿಗ್ಸ್ ಬೋಸಾನ್ ಬಗ್ಗೆ, ಇಲ್ಲಾಂದ್ರೆ ಬ್ಲ್ಯಾಕ್ ಹೋಲ್ ಹುಟ್ಕೊಂಡ್ರೆ ಏನ್ ಗತಿ ಅಂತ. ಆದ್ರೆ ಅಷ್ಟು ದೊಡ್ಡ ಮೆಷಿನ್ ಪಕ್ಕ ನೆಲದಡಿ ಕೆಲಸ ಮಾಡೋ ಜನ ಸಂಜೆ ಹೇಗೆ ಸೇಫಾಗಿ ಮೇಲೆ ಬರ್ತಾರೆ ಅಂತ ಯಾರೂ ಕೇಳಲ್ಲ, ನಾನು ಅದನ್ನೇ ಬರೀಬೇಕು ಅಂತ ಬಹಳ ದಿನದಿಂದ ಅಂದ್ಕೊಂಡಿದ್ದೆ, ಯಾಕಂದ್ರೆ ನಾನು ಅಲ್ಲಿ ಡೇಟಾ ಅನಾಲಿಸಿಸ್ ಜೊತೆಗೆ ಸೇಫ್ಟಿ ಶಿಫ್ಟ್ ಕೂಡ ಮಾಡಿದೀನಿ, ಮತ್ತೆ ಅದರಿಂದ ಕಲಿತಿದ್ದು ಕಡಿಮೆ ಏನಲ್ಲ.

ಅಟ್ಲಾಸ್‌ನಲ್ಲಿ ಸ್ಲಿಮೋಸ್ ಅಂತ ಒಂದು ಶಿಫ್ಟ್ ಇದೆ, ಸೇಫ್ಟಿ ವಿಷಯಕ್ಕೆ ಶಿಫ್ಟ್ ಲೀಡರ್ ಅಂತ ಇಟ್ಕೊಳ್ಳಿ. ಕಂಟ್ರೋಲ್ ರೂಮಲ್ಲಿ ಇದಕ್ಕೇ ಅಂತ ಒಂದು ಡೆಸ್ಕ್, 24 ಗಂಟೆನೂ ಯಾರಾದ್ರೂ ಕೂತಿರ್ಲೇಬೇಕು, ಬೀಮ್, ಅಂದ್ರೆ ಮೆಷಿನ್ ಒಳಗೆ ಸುತ್ತೋ ಕಣಗಳ ಹರಿವು, ಓಡ್ತಿದ್ರೂ ಸರಿ ಇಲ್ದಿದ್ರೂ ಸರಿ. ಅಲ್ಲಿ ಕೂರೋರು ಸೆಕ್ಯೂರಿಟಿ ಕಂಪನಿಯವರಲ್ಲ, ನಮ್ಮಂಥ ವಿದ್ಯಾರ್ಥಿಗಳು, ಪೋಸ್ಟ್‌ಡಾಕ್‌ಗಳು, ಟ್ರೈನಿಂಗ್ ಮುಗಿಸಿ, ಅನುಭವ ಇರೋರ ಪಕ್ಕದಲ್ಲಿ ಕೂತು ನೋಡಿ ಕಲಿತು ಆಮೇಲೆ ಒಬ್ಬೊಬ್ರೇ ಜವಾಬ್ದಾರಿ ತಗೊಳ್ಳೋದು. ಮುಂದೆ ಸ್ಕ್ರೀನ್‌ಗಳಲ್ಲಿ ಡಿಟೆಕ್ಟರ್ ಸೇಫ್ಟಿ ಸಿಸ್ಟಂ ಅಲಾರಂಗಳು, ಗ್ಯಾಸ್, ಕೂಲಿಂಗ್, ಕೆಳಗೆ ಹೋಗಿರೋರ ವಿವರ, ಪಕ್ಕದಲ್ಲಿ ಫೋನು. ನಿಜವಾಗ್ಲೂ ಬೆಂಕಿನೋ ಆಕ್ಸಿಜನ್ ಕೊರತೆನೋ ಆದ್ರೆ ಆ ಅಲಾರಂ ಲೆವೆಲ್ 3, ಅಂದ್ರೆ ಪ್ರಾಣಕ್ಕೆ ಅಪಾಯ ಅನ್ನೋ ಮಟ್ಟದ್ದು, ಅದು ನಮಗೋಸ್ಕರ ಕಾಯ್ತಾ ಕೂರಲ್ಲ, ನೇರ ಸರ್ನ್‌ನ ಸ್ವಂತ ಫೈರ್ ಬ್ರಿಗೇಡ್‌ಗೇ ಹೋಗುತ್ತೆ. ಹಾಗಾದ್ರೆ ನಾವ್ಯಾಕೆ ಅಂತ ನಾನೂ ಮೊದಲು ಕೇಳಿದ್ದೆ. ಕೆಳಗೆ ಯಾರಿದಾರೆ, ಎಲ್ಲಿದಾರೆ, ಏನ್ ಕೆಲಸ ಮಾಡ್ತಿದಾರೆ, ಇಷ್ಟು ಗೊತ್ತಿಲ್ದೆ ಅಗ್ನಿಶಾಮಕದವರು ಕೆಳಗಿಳಿದ್ರೆ ಕುರುಡಾಗಿ ಹುಡುಕ್ಬೇಕಾಗುತ್ತೆ, ಅದನ್ನ ಹೇಳೋಕೆ ಅಲ್ಲೊಬ್ಬ ಮನುಷ್ಯ ಬೇಕು, ಅದಕ್ಕೆ ನಾವು.

ಈಗ ಎಕ್ಸಿಟ್ ವಿಷಯಕ್ಕೆ ಬರ್ತೀನಿ. ಅಟ್ಲಾಸ್ ಇರೋ ಗುಹೆ ಸುಮಾರು ನೂರು ಮೀಟರ್ ಆಳದಲ್ಲಿದೆ, 53 ಮೀಟರ್ ಉದ್ದ, 30 ಅಗಲ, 35 ಎತ್ತರ, ಅದರೊಳಗೆ 7000 ಟನ್ ಡಿಟೆಕ್ಟರ್ ತುಂಬ್ಕೊಂಡಿದೆ. ಸುತ್ತ ಕಬ್ಬಿಣದ ಗ್ಯಾಲರಿಗಳು, ಮೆಟ್ಟಿಲುಗಳು, ಒಂದರ ಮೇಲೊಂದು, ಎಲ್ಲಾ ಕಡೆ ಒಂದೇ ಥರ ಕಾಣುತ್ತೆ. ಚಿಕ್ಕಂದಿನಿಂದ ನಮ್ಗೆಲ್ಲಾ ಹೇಳ್ಕೊಟ್ಟಿರೋದು ಏನು, ಬೆಂಕಿ ಬಿದ್ರೆ ಲಿಫ್ಟ್ ಹತ್ಬೇಡಿ, ಮೆಟ್ಟಿಲಲ್ಲಿ ಇಳೀರಿ. ಇಲ್ಲಿ ಪೂರ್ತಿ ಉಲ್ಟಾ, ಲಿಫ್ಟೇ ಎಕ್ಸಿಟ್ಟು! ಲಿಫ್ಟ್ ಇರೋ ಕಾಂಕ್ರೀಟ್ ಭಾಗದೊಳಗೆ ಗಾಳಿಯ ಒತ್ತಡ ಹೊರಗಿಗಿಂತ ಸ್ವಲ್ಪ ಜಾಸ್ತಿ ಇಟ್ಟಿರ್ತಾರೆ, ಬಾಗಿಲು ತೆಗೆದ್ರೆ ಒಳಗಿನ ಗಾಳಿ ಮುಖಕ್ಕೆ ಬಡಿಯುತ್ತೆ, ಅದು ಕೈಗೂ ಗೊತ್ತಾಗುತ್ತೆ, ಬಾಗಿಲು ಸ್ವಲ್ಪ ಭಾರ ಅನ್ಸುತ್ತೆ. ಆ ಗಾಳಿ ಹೊರಕ್ಕೆ ತಳ್ತಾ ಇರೋದ್ರಿಂದ ಹೊಗೆ ಆಗ್ಲಿ ಗ್ಯಾಸ್ ಆಗ್ಲಿ ಒಳಗೆ ನುಗ್ಗಲ್ಲ. ಹಾಗಾಗಿ ಆ ಬಾಗಿಲು ದಾಟಿದ್ರೆ ನೀವು ಇನ್ನೂ ನೆಲದಡಿ ಇದ್ರೂ ಒಂದು ಮಟ್ಟಿಗೆ ಬಚಾವ್. ಹೊಸಬರನ್ನ ಕೆಳಗೆ ಕರ್ಕೊಂಡು ಹೋದಾಗ ನಾನು ಡಿಟೆಕ್ಟರ್ ತೋರ್ಸೋಕೆ ಮುಂಚೆ ಆ ಬಾಗಿಲನ್ನ ಅವರ ಕೈಯಲ್ಲೇ ತೆಗೆಸ್ತೀನಿ, ಯಾಕಂದ್ರೆ ಅಲಾರಂ ಹೊಡ್ಕೊಳ್ವಾಗ ತಲೆ ಓಡಲ್ಲ, ಕಾಲು ಅಭ್ಯಾಸ ಇದ್ದ ಕಡೆಗೇ ಹೋಗುತ್ತೆ, ಅಭ್ಯಾಸ ಇಲ್ದಿದ್ರೆ ಹಳೇ ಪಾಠ ನೆನಪಾಗಿ ಮೆಟ್ಟಿಲು ಹುಡುಕ್ತಾ ನಿಲ್ತಾರೆ.

ಬೆಂಕಿಗಿಂತ ನಂಗೆ ಭಯ ಇರೋದು ಗ್ಯಾಸ್ ಬಗ್ಗೆ, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಅಟ್ಲಾಸ್ ಒಳಗೆ ಸುಮಾರು 80 ಘನ ಮೀಟರ್ ದ್ರವ ಆರ್ಗಾನ್ ಇದೆ, ಮೈನಸ್ 185 ಡಿಗ್ರಿ ಆಸುಪಾಸಲ್ಲಿ. ಒಂದು ಲೀಟರ್ ದ್ರವ ಆರ್ಗಾನ್ ಆವಿಯಾದ್ರೆ 800 ಲೀಟರ್‌ಗೂ ಜಾಸ್ತಿ ಗ್ಯಾಸ್ ಆಗುತ್ತೆ, ವಾಸನೆ ಇಲ್ಲ, ಬಣ್ಣ ಇಲ್ಲ, ವಿಷನೂ ಅಲ್ಲ, ಸುಮ್ನೆ ಆಕ್ಸಿಜನ್‌ನ ಜಾಗ ಹಿಡ್ಕೊಂಡು ಕೂತ್ಬಿಡುತ್ತೆ. ಗಾಳಿಗಿಂತ ಭಾರ ಆಗಿರೋದ್ರಿಂದ ತಗ್ಗಿಗೆ, ಗುಂಡಿಗೆ ಇಳಿಯುತ್ತೆ. ಅದೇ ಗುಹೆಯಲ್ಲಿ ಮ್ಯಾಗ್ನೆಟ್ ತಣ್ಣಗಿಡೋಕೆ ಹೀಲಿಯಂ ಇದೆ, ಅದು ಹಗುರ, ಮೇಲಕ್ಕೆ ಏರುತ್ತೆ. ಅಂದ್ರೆ ಆರ್ಗಾನ್ ಲೀಕ್ ಆದ್ರೆ ತಗ್ಗಿನ ಕಡೆ ಇಳೀಬಾರ್ದು, ಹೀಲಿಯಂ ಆದ್ರೆ ಬಗ್ಗಿ ನಡೀಬೇಕು. ಇನ್ನೂ ಮುಖ್ಯ ಏನಂದ್ರೆ ನಮ್ ದೇಹಕ್ಕೆ ಉಸಿರುಗಟ್ಟೋ ಅನುಭವ ಆಗೋದು ಬಹುಮಟ್ಟಿಗೆ ಕಾರ್ಬನ್ ಡೈ ಆಕ್ಸೈಡ್ ಜಾಸ್ತಿ ಆದಾಗ, ಆಕ್ಸಿಜನ್ ಕಡಿಮೆ ಆದಾಗ ಅಲ್ಲ. ಆರ್ಗಾನ್‌ನಲ್ಲೋ ಹೀಲಿಯಂನಲ್ಲೋ ಉಸಿರಾಡ್ತಿದ್ರೆ ಕಾರ್ಬನ್ ಡೈ ಆಕ್ಸೈಡ್ ಎಂದಿನಂತೆ ಹೊರಗೆ ಹೋಗ್ತಾನೇ ಇರುತ್ತೆ, ಏನೂ ಕಷ್ಟ ಅನ್ಸಲ್ಲ, ಸುಸ್ತು ಅಂತಾನೂ ಗೊತ್ತಾಗದೆ ಕುಸಿದು ಬೀಳ್ತಾರೆ. ಗಾಳಿಯಲ್ಲಿ ಆಕ್ಸಿಜನ್ ಮಾಮೂಲಿ 20.9 ಪರ್ಸೆಂಟ್, ಅದನ್ನ ಅಳೆಯೋ ಸೆನ್ಸರ್‌ಗಳು 18ಕ್ಕೇ ಕೂಗ್ಕೊಳ್ತವೆ, ಆಗ ನಿಮ್ಗೆ ಏನೂ ಆಗಿರಲ್ಲ, ಆದ್ರೂ ಓಡ್ಬೇಕು. ನಂಗೇನೂ ಆಗ್ತಿಲ್ವಲ್ಲಾ, ಇದೊಂದು ಬೋಲ್ಟ್ ಬಿಗಿ ಮಾಡಿ ಹೋಗ್ತೀನಿ ಅನ್ನೋನೇ ಮೊದಲು ಬೀಳೋದು. ಕೆಳಗೆ ಬಿದ್ದಿರೋ ಸ್ನೇಹಿತನ್ನ ಎಬ್ಬಿಸೋಕೆ ಮಾಸ್ಕ್ ಇಲ್ದೆ ಹೋಗೋನು ಎರಡನೆಯವನು, ಇದನ್ನ ಹೇಳೋಕೆ ಕಷ್ಟ ಆಗುತ್ತೆ ಆದ್ರೆ ಟ್ರೈನಿಂಗಲ್ಲಿ ನೇರವಾಗೇ ಹೇಳ್ತಾರೆ, ಹೇಳ್ಲೇಬೇಕು.

2008ರಲ್ಲಿ ಏನಾಯ್ತು ಅಂತ ಈ ಕೆಲಸಕ್ಕೆ ಬರೋ ಪ್ರತಿಯೊಬ್ರೂ ಓದ್ಬೇಕು. ಸೆಪ್ಟೆಂಬರ್ 10ಕ್ಕೆ ಎಲ್‌ಎಚ್‌ಸಿಯಲ್ಲಿ, ಅಂದ್ರೆ ನೆಲದಡಿ ಉಂಗುರದಂಥ ಟನಲ್‌ನಲ್ಲಿ ಕಣಗಳನ್ನ ಸುತ್ತಿಸಿ ಅಟ್ಲಾಸ್ ಒಳಗೆ ಡಿಕ್ಕಿ ಹೊಡೆಸೋ ಮೆಷಿನ್‌ನಲ್ಲಿ, ಮೊದಲ ಬೀಮ್ ಸುತ್ತಿತ್ತು, ಜಗತ್ತೆಲ್ಲಾ ನೋಡ್ತಿತ್ತು. 19ನೇ ತಾರೀಖು ಆ ಟನಲ್‌ನ ಸೆಕ್ಟರ್ 3-4 ಅನ್ನೋ ಭಾಗದಲ್ಲಿ ಮ್ಯಾಗ್ನೆಟ್‌ಗಳಿಗೆ ಕರೆಂಟ್ ಏರಿಸ್ತಾ ಇರ್ಬೇಕಾದ್ರೆ ಎರಡು ಮ್ಯಾಗ್ನೆಟ್ ನಡುವಿನ ಒಂದು ಜಾಯಿಂಟ್ ಕೈಕೊಟ್ಟು ಎಲೆಕ್ಟ್ರಿಕ್ ಆರ್ಕ್ ಆಗಿ ಹೀಲಿಯಂ ಇದ್ದ ಕವಚ ತೂತಾಯ್ತು. ಸುಮಾರು 6 ಟನ್ ಹೀಲಿಯಂ ಹೋಯ್ತು, ಒತ್ತಡಕ್ಕೆ ಹತ್ತಾರು ಟನ್ ತೂಗೋ ಮ್ಯಾಗ್ನೆಟ್‌ಗಳೇ ಬುಡದಿಂದ ಕಿತ್ಕೊಂಡು ಜರುಗಿದ್ವು, ಆಮೇಲೆ 53 ಮ್ಯಾಗ್ನೆಟ್ ಮೇಲಕ್ಕೆ ತರ್ಬೇಕಾಯ್ತು, ಮತ್ತೆ ಬೀಮ್ ಸುತ್ತಿದ್ದು 2009ರ ನವೆಂಬರ್ 20ಕ್ಕೆ. ಯಾರಿಗೂ ಒಂದು ಗಾಯ ಆಗ್ಲಿಲ್ಲ, ಕಾರಣ ಸಿಂಪಲ್, ಆ ಹೊತ್ತಲ್ಲಿ ಟನಲ್ ಒಳಗೆ ಯಾರೂ ಇರಲಿಲ್ಲ. ಅದಾದ್ಮೇಲೆ ಒತ್ತಡ ಬಿಡೋ ವಾಲ್ವ್‌ಗಳು ಹೆಚ್ಚಾದ್ವು, ಮ್ಯಾಗ್ನೆಟ್‌ಗಳಿಗೆ ಭಾರಿ ಕರೆಂಟ್ ಹರೀತಿರ್ಬೇಕಾದ್ರೆ ಟನಲ್‌ಗೆ ಹೋಗೋ ನಿಯಮ ಇನ್ನೂ ಬಿಗಿಯಾಯ್ತು. ಯಾವ ಎಕ್ಸಿಟ್‌ಗಿಂತ್ಲೂ ಒಳ್ಳೇದು ಅಲ್ಲಿ ಇರದೇ ಇರೋದು ಅಂತ ನಾನು ನಂಬಿರೋದು ಇದರಿಂದಾನೇ.

ಇನ್ನು ಮಾಸ್ಕು. ಕೆಳಗೆ ಹೋಗೋರ ಹೆಗಲಿಗೆ ಸೆಲ್ಫ್ ರೆಸ್ಕ್ಯೂ ಮಾಸ್ಕ್ ಡಬ್ಬಿ ಇರುತ್ತೆ, ಹೆಲ್ಮೆಟ್, ಹೆಲ್ಮೆಟ್ ಲೈಟ್, ಸೇಫ್ಟಿ ಶೂ, ವಿಕಿರಣ ಅಳೆಯೋ ಡೋಸಿಮೀಟರ್ ಜೊತೆಗೆ. ಇದು ಹೊರಗಿನ ಗಾಳಿಯನ್ನ ಸೋಸೋ ಮಾಸ್ಕ್ ಅಲ್ಲ, ಒಳಗೇ ರಾಸಾಯನಿಕವಾಗಿ ಆಕ್ಸಿಜನ್ ತಯಾರಿಸುತ್ತೆ, ನಡ್ಕೊಂಡು ಹೋಗೋಕೆ ಸುಮಾರು ಅರ್ಧ ಗಂಟೆ ಸಾಕಾಗೋಷ್ಟು. ಸರ್ನ್‌ನ ಇನ್ನೊಂದು ಕ್ಯಾಂಪಸ್ ಆದ ಪ್ರೆವೆಸ್ಸಾಂ ಸೈಟಲ್ಲಿ ಟನಲ್‌ನ ಮಾದರಿ ಕಟ್ಟಿ ಅಲ್ಲಿ ಪ್ರಾಕ್ಟೀಸ್ ಮಾಡಿಸ್ತಾರೆ, ಹಾಕ್ಕೊಂಡು ನಡೆದಾಗ ಬರೋ ಉಸಿರು ಬೆಚ್ಚಗಿರುತ್ತೆ, ಕೆಲವರಿಗೆ ಗಾಬರಿ ಆಗಿ ಕಿತ್ತು ಹಾಕ್ಬೇಕು ಅನ್ಸುತ್ತೆ, ಆ ಬೆಚ್ಚಗಿರೋದೇ ಅದು ಕೆಲಸ ಮಾಡ್ತಿದೆ ಅನ್ನೋದಕ್ಕೆ ಗುರುತು ಅಂತ ಮೊದಲೇ ಗೊತ್ತಿದ್ರೆ ಸಮಾಧಾನ. 27 ಕಿಲೋಮೀಟರ್ ಟನಲ್‌ಗೆ ಮೇಲೆ ಬರೋ ಪಾಯಿಂಟ್‌ಗಳು ಎಂಟು, ಅಂದ್ರೆ ನೀವು ನಡುಮಧ್ಯ ಸಿಕ್ಕಾಕ್ಕೊಂಡ್ರೆ ಒಂದೂವರೆ ಕಿಲೋಮೀಟರ್‌ಗೂ ಮೇಲೆ ನಡೀಬೇಕು, ಅರ್ಧ ಗಂಟೆ ಲೆಕ್ಕ ಎಷ್ಟು ಬಿಗಿ ನೋಡಿ. ಓಡಿದ್ರೆ ಉಸಿರು ಜಾಸ್ತಿ ಬೇಕು, ಅದಕ್ಕೇ ಬೇಗ ನಡೀರಿ, ಓಡ್ಬೇಡಿ ಅಂತಾರೆ. ಹತ್ತಿರದ ಎಕ್ಸಿಟ್ ಲೀಕ್ ಆದ ತಣ್ಣನೆ ಹೀಲಿಯಂನಿಂದ ಏಳೋ ಬಿಳಿ ಮಂಜಿನ ಕಡೆ ಇದ್ರೆ ಅದನ್ನ ಬಿಟ್ಟು ದೂರದ್ದಕ್ಕೆ ಹೋಗ್ಬೇಕು, ಇದು ಮನಸ್ಸಿಗೆ ಒಪ್ಪೋದು ಕಷ್ಟ.

ನಂಗೆ ತುಂಬಾ ಇಷ್ಟ ಆಗಿದ್ದು ಕೀ ಪದ್ಧತಿ. ಒಳಗೆ ಹೋಗೋ ಗೇಟಲ್ಲಿ ಕಣ್ಣಿನ ಐರಿಸ್ ಸ್ಕ್ಯಾನ್ ಆಗುತ್ತೆ, ಅದರ ಜೊತೆ ಪ್ರತಿಯೊಬ್ರೂ ಒಂದೊಂದು ಕೀ ತಗೊಂಡು ಹೋಗ್ಬೇಕು, ಒಂದು ಕೀ ವಾಪಸ್ ಬಂದಿಲ್ಲ ಅಂದ್ರೂ ಬೀಮ್ ಬಿಡೋಕಾಗಲ್ಲ. ಗಣಿಗಳಲ್ಲಿ ಕೆಳಗಿಳಿಯೋ ಕಾರ್ಮಿಕರು ಬಿಲ್ಲೆ ತಗೊಂಡು ಹೋಗೋ ಹಳೇ ಕ್ರಮ ಇತ್ತಲ್ಲ, ಅದೇ ಬುದ್ಧಿ. ಹೇಳೋಕೆ ಹೊರಟ್ರೆ ನೆಲದಡಿ ಫಿಸಿಕ್ಸ್ ನಮ್ ಕರ್ನಾಟಕಕ್ಕೆ ಹೊಸದೇನಲ್ಲ, 1965ರಲ್ಲಿ ಕೋಲಾರದ ಚಾಂಪಿಯನ್ ರೀಫ್ ಗಣಿಯಲ್ಲಿ ಎರಡು ಕಿಲೋಮೀಟರ್‌ಗೂ ಆಳದಲ್ಲಿ ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನವರು ಜಪಾನ್, ಇಂಗ್ಲೆಂಡಿನವರ ಜೊತೆ ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋ ಅನ್ನೋ ಕಣಗಳನ್ನ ಪತ್ತೆ ಮಾಡಿದ್ರು, ಬಂಡೆ ಸಿಡಿಯೋ ಆ ಗಣಿಯಲ್ಲಿ ಅವರೆಲ್ಲಾ ಕೇಜ್, ಅಂದ್ರೆ ಗಣಿ ಲಿಫ್ಟ್, ಹತ್ತಿ ಇಳೀತಿದ್ರು, ಅದನ್ನ ನೆನೆಸ್ಕೊಂಡ್ರೆ ಗೌರವ ಬರುತ್ತೆ. ಅಟ್ಲಾಸ್‌ನಲ್ಲಂತೂ ಕೀ ಸಾಲ್ದು ಅಂತ ಡಿಟೆಕ್ಟರ್ ಸಂದಿಗೊಂದಿಗಳಲ್ಲಿ ಇನ್‌ಫ್ರಾರೆಡ್ ಸೆನ್ಸರ್ ಇಟ್ಟಿದಾರೆ, ಮನುಷ್ಯರು ಓಡಾಡಿದ್ರೆ ಗೊತ್ತಾಗೋ ಹಾಗೆ. ಬೀಮ್‌ಗೆ ಮುಂಚೆ ಪ್ಯಾಟ್ರೋಲ್ ಅಂತ ಜನ ಒಂದೊಂದೇ ಜಾಗ ಹುಡುಕ್ಕೊಂಡು, ಬಾಗಿಲು ಮುಚ್ಕೊಂಡು ಬರ್ತಾರೆ.

ಜವಾಬ್ದಾರಿ ಯಾರದ್ದು ಅನ್ನೋದಕ್ಕೆ ಸರ್ನ್‌ನಲ್ಲಿ ಉತ್ತರ ಸ್ಪಷ್ಟ ಇದೆ. ಮೇಲೆ ಡೈರೆಕ್ಟರ್ ಜನರಲ್‌ನಿಂದ ಶುರುವಾಗಿ ಗ್ರೂಪ್ ಲೀಡರ್, ಸೂಪರ್‌ವೈಸರ್ ಹೀಗೆ ಇಳ್ಕೊಂಡು ಬಂದು ಕೊನೆಗೆ ಕೆಲಸ ಮಾಡೋನ ತಲೆ ಮೇಲೆ ಬರುತ್ತೆ, ಸೇಫ್ಟಿ ಡಿಪಾರ್ಟ್‌ಮೆಂಟ್‌ನವರು ಸಲಹೆ ಕೊಡ್ತಾರೆ, ಚೆಕ್ ಮಾಡ್ತಾರೆ, ಆದ್ರೆ ನಿಮ್ಮ ಬದಲು ಜವಾಬ್ದಾರಿ ಹೊರಲ್ಲ. ಜಾಗ ಫ್ರಾನ್ಸ್, ಸ್ವಿಟ್ಜರ್‌ಲೆಂಡ್ ಎರಡರಲ್ಲೂ ಹರಡಿರೋ ಅಂತರರಾಷ್ಟ್ರೀಯ ಸಂಸ್ಥೆ ಆದ್ದರಿಂದ ನಿಯಮಗಳನ್ನೂ ಸರ್ನೇ ಮಾಡ್ಕೊಳ್ಳುತ್ತೆ. ಒಂದೊಂದು ಬಿಲ್ಡಿಂಗ್‌ಗೂ ಒಬ್ಬ ಟೆರಿಟೋರಿಯಲ್ ಸೇಫ್ಟಿ ಆಫೀಸರ್ ಇರ್ತಾರೆ, ಎಕ್ಸಿಟ್ ದಾರಿ ಖಾಲಿ ಇದ್ಯಾ, ಬೋರ್ಡ್ ಕಾಣ್ತಿದ್ಯಾ ನೋಡೋಕೆ, ಜೊತೆಗೆ ಎಮರ್ಜೆನ್ಸಿ ಗೈಡ್‌ಗಳು. ಆಮೇಲೆ ನಾನು ಗೈಡ್ ಕೆಲಸಾನೂ ಒಪ್ಕೊಂಡೆ. ನೆಲದ ಮೇಲಿನ ಆಫೀಸಲ್ಲಿ ನಿಯಮ ಮತ್ತೆ ನಾವು ಕಲಿತ ಹಳೇದೇ, ಲಿಫ್ಟ್ ಬೇಡ, ಮೆಟ್ಟಿಲು ಬೇಕು. ಅಲಾರಂ ಆದಾಗ ಗೈಡ್ ಮಾಡೋದು ಇಷ್ಟೇ, ತನ್ನ ಭಾಗದ ಒಂದೊಂದು ರೂಮೂ ಟಾಯ್ಲೆಟ್ಟೂ ನೋಡಿ ಜನರನ್ನ ಹೊರಡಿಸೋದು, ಬಾಗಿಲು ಎಳ್ಕೊಳ್ಳೋದು, ಸೇರೋ ಜಾಗಕ್ಕೆ ಹೋಗಿ ಯಾವ ಭಾಗ ಖಾಲಿ ಆಗಿದೆ ಅಂತ ಅಗ್ನಿಶಾಮಕದವರಿಗೆ ಹೇಳೋದು. ಹೆಡ್‌ಫೋನ್ ಹಾಕ್ಕೊಂಡು ಕೋಡ್ ಬರೀತಿರೋರನ್ನ ಎಬ್ಬಿಸೋದೇ ದೊಡ್ಡ ಕೆಲಸ, ಭುಜ ಮುಟ್ಟಿ ಹೇಳ್ಬೇಕು, ಲ್ಯಾಪ್‌ಟಾಪ್ ಬಿಟ್ಟು ಬನ್ನಿ ಅಂತ ಗಟ್ಟಿಯಾಗಿ ಹೇಳೋಕೆ ಸಂಕೋಚ ಪಡ್ಬಾರ್ದು, ಎದುರಿಗಿರೋದು ಎಷ್ಟೇ ದೊಡ್ಡ ಪ್ರೊಫೆಸರ್ ಆದ್ರೂ.

ಸಮ್ಮರ್ ಸ್ಟೂಡೆಂಟ್ ಆಗಿ ಅಂತ ಬರೋ ನಮ್ ಕಡೆಯ ಹುಡುಗ ಹುಡುಗಿಯರಿಗೆ ನಾನು ಹೇಳೋದಿದೆ. ಆನ್‌ಲೈನ್ ಕೋರ್ಸ್‌ಗಳನ್ನ ಕ್ಲಿಕ್ ಮಾಡಿ ಮುಗಿಸ್ಬೇಡಿ, ಓದಿ. ಆಫೀಸ್ ಸಿಕ್ಕಿದ ದಿನಾನೇ ಅಲ್ಲಿಂದ ಎರಡು ಬೇರೆ ಬೇರೆ ದಾರಿಯಲ್ಲಿ ಹೊರಗೆ ನಡ್ಕೊಂಡು ಹೋಗಿ ಬನ್ನಿ. ಕೆಳಗೆ ಹೋಗೋ ಅವಕಾಶ ಸಿಕ್ಕಿದ್ರೆ ಒಬ್ರೇ ಕೆಲಸ ಮಾಡ್ಬೇಡಿ, ಸಂದಿಯಲ್ಲಿ ಬಗ್ಗೋಕೆ ಮುಂಚೆ ಹತ್ತಿರದ ಲಿಫ್ಟ್ ಯಾವ ಕಡೆ ಅಂತ ಜೊತೆಯವರಿಗೆ ಬಾಯಿಬಿಟ್ಟು ಹೇಳಿ. ಕೆಂಪು ಫೋನ್‌ಗಳು ಎಲ್ಲೆಲ್ಲಿವೆ ನೋಡ್ಕೊಳ್ಳಿ, ಎತ್ತಿದ್ರೆ ನೇರ ಫೈರ್ ಬ್ರಿಗೇಡ್. ಒಳಗಿನ ಫೋನಿಂದಾದ್ರೆ 74444. ಮೊಬೈಲಿಂದ ಮಾಡೋಕೆ ಅದರ ಉದ್ದ ನಂಬರ್ ಬೇರೆ ಇದೆ, ಆಕ್ಸೆಸ್ ಕಾರ್ಡ್ ಕೈಗೆ ಬಂದ ದಿನಾನೇ ಅದನ್ನೂ ಸೇವ್ ಮಾಡ್ಕೊಂಡುಬಿಡಿ.